ಹೊನ್ನಿಯ ಏಳನೇ ಮನೆ

ಎದುರುಮನೆ ಸತ್ಯಭಾಮಾಳ ಬೆಕ್ಕು ಸತ್ತ ಸುದ್ದಿ ಬಸವಲಿಂಗಮ್ಮನಿಗೆ ಮುಟ್ಟಿದ್ದು ಬೆಳಗಿನ ಹಾಲಿನ ಜೊತೆಗೆ. ಜರಗನಹಳ್ಳಿಯಿಂದ ದಿನಾ ಹಾಲು ತರುತ್ತಿದ್ದ ಮುನಿಲಕ್ಷ್ಮಮ್ಮ, ಸರ್ಕಾರದವರು ಲೀಟರು ತಂದರೂ ತನ್ನ ಪಾವನ್ನು ಬಿಡದವಳು, ಪಾತ್ರೆಗೆ ಹಾಲು ಸುರಿಯುತ್ತ ಸುದ್ದಿಯನ್ನೂ ಸುರಿದಳು.

"ಆ ಸತ್ಯಭಾಮಮ್ಮನ ಬೆಕ್ಕು ಹೋಗ್ಬುಡ್ತು ಕಣಮ್ಮೋ. ನೆನ್ನೆಯಿಂದ ಒಂದೇ ಸಮ ವಾಂತಿ, ನೀರೂ ಮುಟ್ನಿಲ್ವಂತೆ. ಮೊನ್ನೆ ಮೂಲೆ ಮನೇದು, ಅದ್ಕೂ ಮುಂಚೆ ದರ್ಜಿಯವರ ಮನೇದು. ಏನೋ ಬೆಕ್ಕಿಗೇ ಅಂತ ಬಂದಿರೋ ಜಡ್ಡು."

ಬಸವಲಿಂಗಮ್ಮ ಕೈಯ ಪಾತ್ರೆಯನ್ನು ಅಲ್ಲೇ ಇಟ್ಟಳು. ತಿರುಗಿ ಒಲೆಯ ಪಕ್ಕಕ್ಕೆ ನೋಡಿದಳು. ಅಲ್ಲಿ ಹೊನ್ನಿ ತುಂಬಿದ ಹೊಟ್ಟೆಯನ್ನು ಒಂದು ಕಡೆಗೆ ಚೆಲ್ಲಿಕೊಂಡು ಮಲಗಿತ್ತು. ಹಾಲಿನ ಸದ್ದಿಗೆ ಏಳುವ ಶಕ್ತಿಯಿಲ್ಲದೆ ಒಂದು ಕಿವಿಯನ್ನು ಮಾತ್ರ ಎತ್ತಿ, ನನ್ನ ಪಾಲು ಮರೆಯಬೇಡಿ ಎಂಬಂತೆ ಮತ್ತೆ ಇಳಿಸಿತು.

ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸೈಟಿನ ತುಂಬ ಹುಲ್ಲು, ಹುಲ್ಲಿನ ತುಂಬ ಇಲಿ ಹೆಗ್ಗಣ, ಅವುಗಳ ಕಣ್ಣೆಲ್ಲ ಬಸವಲಿಂಗಮ್ಮನ ಉಗ್ರಾಣದ ರಾಗಿ ಮೂಟೆಯ ಮೇಲೆ. ಹೊನ್ನಿ ಬಂದ ಮೇಲೆ ಒಂದು ಇಲಿಗೂ ಹೊಸಿಲು ದಾಟುವ ಧೈರ್ಯ ಬಂದಿರಲಿಲ್ಲ. ಲಿಂಗಾಯತರ ಮನೆಯ ಬೆಕ್ಕಾದ್ದರಿಂದ ಒಳಗೆ ಅದಕ್ಕೆ ಹಾಲು ಅನ್ನ, ಮೊಸರನ್ನ. ಹೊರಗಿನ ಊಟದ ವಿಚಾರವನ್ನು ಮನೆಯಲ್ಲಿ ಯಾರೂ ಕೆದಕುತ್ತಿರಲಿಲ್ಲ.

ಕಾಯಿಲೆ ಬಂದ ಮೇಲೆ ಔಷಧಿ ಹುಡುಕುವುದು ಬಸವಲಿಂಗಮ್ಮನ ಜಾಯಮಾನವೇ ಅಲ್ಲ. ಬರುವ ಮೊದಲೇ ಅದಕ್ಕೆ ಬಾಗಿಲು ಹಾಕಬೇಕು ಎನ್ನುವವಳು ಆಕೆ. ತಿಂಗಳಿಗೊಮ್ಮೆ ಮನೆಮಂದಿಗೆಲ್ಲ ಹರಳೆಣ್ಣೆ; ಕಚೇರಿಗೆ ಹೋಗುವ ಮಗನಿಗೂ ವಿನಾಯಿತಿ ಇಲ್ಲ. ಹೊನ್ನಿಗೆ ಭಾನುವಾರ ಭಾನುವಾರ ಸೀರಣಿಗೆಯಿಂದ ಮೈ ಬಾಚಿ ಚಿಗಟ ತೆಗೆಯುವುದು, ಮಲಗುವ ಗೋಣಿಯ ಕೆಳಗೆ ಬೇವಿನ ಸೊಪ್ಪು ಹರಡುವುದು, ಕಿವಿ ನೋಡುವುದು, ಹಲ್ಲು ನೋಡುವುದು. ಹೊನ್ನಿ ಇದನ್ನೆಲ್ಲ ಸಹಿಸುತ್ತಿದ್ದದ್ದು ಕೊನೆಯಲ್ಲಿ ಸಿಗುವ ಕೆನೆಯ ಆಸೆಗೆ. ಸೊಸೆ ಹೆರಿಗೆಗೆಂದು ತುಮಕೂರಿಗೆ ಹೋಗಿದ್ದಳು, ಮಗ ಶನಿವಾರ ಬಂತೆಂದರೆ ಅತ್ತ ಓಡುತ್ತಿದ್ದ. ಬಾಣಂತನ ಮಾಡಿ ಪಳಗಿದ ಕೈಗೆ ಕೆಲಸವಿಲ್ಲದೆ ಚಡಪಡಿಸುತ್ತಿದ್ದ ಬಸವಲಿಂಗಮ್ಮನಿಗೆ, ಹೊನ್ನಿ ಬಸುರಿ ಎಂದು ಗೊತ್ತಾದ ದಿನ ಹೋದ ಜೀವ ಬಂದಂತಾಗಿತ್ತು. ಈಗ ನೋಡಿದರೆ ಬೀದಿಗೇ ಈ ಮಾರಿ ವಕ್ಕರಿಸಿದೆ!

ಹೊನ್ನಿಯನ್ನು ಉಗ್ರಾಣಕ್ಕೆ ಹಾಕಿ ಚಿಲಕ ಜಡಿದು, ಬಸವಲಿಂಗಮ್ಮ ನೆಟ್ಟಗೆ ದನದ ಆಸ್ಪತ್ರೆಗೆ ನಡೆದಳು. ಅಲ್ಲಿನ ಡಾಕ್ಟರು ಶಾಂತವೀರಪ್ಪ ಆಕೆಯ ತಂಗಿಯ ಮಗ. ಕಾಲು ಕುಂಟುವ ಎತ್ತು, ಹೊಟ್ಟೆ ಉಬ್ಬರಿಸಿದ ಎಮ್ಮೆ, ಏನೂ ಆಗದಿದ್ದರೂ ಅರಚುತ್ತಿದ್ದ ಮೇಕೆ, ಇವೆಲ್ಲವನ್ನೂ ದಾಟಿ ಹೋಗಿ ಅವನ ಮುಂದೆ ನಿಂತಳು.

"ಶಾಂತವೀರಾ, ನಮ್ಮ ಹೊನ್ನಿಗೊಂದು ಇಂಜೆಕ್ಷನ್ ಕೊಡೋ."

"ಎಲ್ಲಿ ದೊಡ್ಡಮ್ಮ ಬೆಕ್ಕು? ಏನಾಗಿದೆ ಅದಕ್ಕೆ?"

"ಮನೇಲಿದೆ. ಏನೂ ಆಗಿಲ್ಲ, ಗುಂಡುಗುಂಡಾಗಿದೆ."

"ಏನೂ ಆಗದೆ ಇರೋದಕ್ಕೆ ಇಂಜೆಕ್ಷನ್ ಯಾಕೆ?"

"ಏನೂ ಆಗದೆ ಇರೋವಾಗ ಕೊಡದೆ, ಸತ್ತ ಮೇಲೆ ಕೊಡ್ತೀಯೇನೋ? ಇಷ್ಟು ಓದಿ ಏನು ಬಂತು ನಿನಗೆ?"

ಶಾಂತವೀರಪ್ಪ ನಕ್ಕುಬಿಟ್ಟ. ಬೀದಿಯ ಬೆಕ್ಕುಗಳ ಕಥೆ ಕೇಳಿದ ಮೇಲೆ ಆ ನಗು ನಿಂತಿತು. "ದನಕ್ಕೆ ದೊಡ್ಡರೋಗದ ಲಸಿಕೆ ಇದೆ, ಕೋಳಿಗೆ ಕೊಕ್ಕರೆ ರೋಗದ್ದು ಇದೆ, ನಾಯಿಗೆ ಹುಚ್ಚಿಂದು ಇದೆ. ಬೆಕ್ಕಿನ ಈ ಕಾಯಿಲೆಗೆ ಹೊರದೇಶದಲ್ಲಿ ಏನೋ ಕಂಡುಹಿಡಿದಿದ್ದಾರೆ ಅಂತ ಓದಿದೀನಿ ದೊಡ್ಡಮ್ಮ. ನನ್ನ ಹತ್ರ ಇಲ್ಲ, ಸುಳ್ಳು ಹೇಳೋಲ್ಲ. ನಿಮ್ಮ ಕೈಲಾಗೋದು ಒಂದೇ. ಹೊನ್ನಿಯನ್ನ ಬೇರೆ ಇಡಿ. ಬೇರೆ ಬೆಕ್ಕಿನ ಗಾಳಿ ಸೋಕಬಾರದು. ಸತ್ತ ಬೆಕ್ಕು ಮಲಗಿದ್ದ ಬಟ್ಟೆ, ಚಾಪೆ, ತಿಂದ ತಟ್ಟೆ, ಅದನ್ನ ಮುಟ್ಟಿದವರ ಕೈಕಾಲು, ಎಲ್ಲದರಲ್ಲೂ ಇದು ಅಂಟ್ಕೊಂಡಿರುತ್ತೆ. ತಿಂಗಳುಗಟ್ಟಲೆ ಸಾಯೋಲ್ಲ. ಬ್ಲೀಚಿಂಗ್ ಪೌಡರ್ ನೀರಲ್ಲಿ ಕೈಕಾಲು ತೊಳೀಬೇಕು, ಬಟ್ಟೆಬರೆ ಕುದಿಸಬೇಕು."

"ಮರಿಗಳಿಗೆ ಬಂದ್ರೆ?"

"ಬರದ ಹಾಗೆ ನೋಡ್ಕೊಳ್ಳಿ" ಎಂದ ಅವನು, ಬೇರೆ ಕಡೆ ನೋಡುತ್ತ. ಅದರಲ್ಲೇ ಆಕೆಗೆ ಉತ್ತರ ಸಿಕ್ಕಿತು.

ವಾಪಸ್ಸು ಬರುವ ದಾರಿಯಲ್ಲಿ ಬಸವಲಿಂಗಮ್ಮನಿಗೆ ತವರೂರು ಗುಬ್ಬಿ ನೆನಪಾಯಿತು. ಆಕೆಗೆ ಏಳೋ ಎಂಟೋ ವರ್ಷ. ಊರಿನಲ್ಲಿ ಇಲಿ ಬಿದ್ದು, ಪ್ಲೇಗು ಬಂತೆಂದು ಜನ ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಶೆಡ್ಡು ಹಾಕಿಕೊಂಡು ಹೋದರು. ಅಪ್ಪ ಗಾಡಿಗೆ ಎಲ್ಲವನ್ನೂ ಹೇರಿದರು. ಒರಳುಕಲ್ಲನ್ನೂ ಬಿಡಲಿಲ್ಲ, ಬಿಟ್ಟದ್ದು ಬೆಕ್ಕನ್ನು ಮಾತ್ರ. ಹುಡುಗಿ ಗಾಡಿಯ ಗೂಟ ಹಿಡಿದು ಅತ್ತದ್ದೇ ಅತ್ತದ್ದು. "ಬೆಕ್ಕು ಹೊಂದಿಕೊಂಡಿರೋದು ಮನೆಗೆ, ನಮಗಲ್ಲ. ಕರೆದರೂ ಬರೋಲ್ಲ" ಎಂದರು ಅಪ್ಪ. ಆದರೆ ಯಾರೂ ಕರೆದೇ ನೋಡಲಿಲ್ಲ. ಸುಗ್ಗಿ ಮುಗಿದ ಮೇಲೆ ವಾಪಸ್ಸು ಬಂದಾಗ ಮನೆ ಇತ್ತು, ಸೋಮಿ ಇರಲಿಲ್ಲ. ಸೋಮಿ ಅದರ ಹೆಸರು.

ಈ ಕಥೆಯನ್ನು ಬಸವಲಿಂಗಮ್ಮ ಗಂಡನಿಗೆ ಮೊದಲು ಹೇಳಿದ್ದು ಮದುವೆಯಾದ ಹೊಸದರಲ್ಲಿ. ಆಮೇಲೆ ಎಷ್ಟು ಸಲ ಹೇಳಿದಳೋ! ಹೆಸರು ಹೇಳಿದ್ದು ಆ ಮೊದಲ ಸಲ ಮಾತ್ರ; ಹೇಳಿದರೆ ಅಳು ಬರುತ್ತದೆಂದು ಮುಂದೆಲ್ಲ "ನಮ್ಮ ಬೆಕ್ಕು" ಎಂದಷ್ಟೇ ಹೇಳುತ್ತಿದ್ದಳು. ಏಕಾಂತಯ್ಯ ಪ್ರತಿಸಲವೂ ಪೇಪರಿನ ಹಿಂದಿನಿಂದ ಒಂದು "ಹ್ಞೂಂ" ಎಸೆಯುತ್ತಿದ್ದರು. ಗೋಡೆಗೆ ಹೇಳಿದ್ದರೂ ಒಂದೇ ಎಂದು ಆಕೆ ಎಂದೋ ತೀರ್ಮಾನ ಮಾಡಿಬಿಟ್ಟಿದ್ದಳು.

ಮನೆ ಮುಟ್ಟುವಷ್ಟರಲ್ಲಿ ಆಕೆಯ ಮನಸ್ಸು ಗಟ್ಟಿಯಾಗಿತ್ತು. ಹಿತ್ತಲಿನ ಮೂಲೆಯಲ್ಲಿ, ಈ ಮನೆ ಕಟ್ಟುವಾಗ ಸಿಮೆಂಟು ಮೂಟೆ ಇಡಲೆಂದು ಹಾಕಿದ್ದ ತಗಡಿನ ಶೆಡ್ಡು ಹಾಗೇ ನಿಂತಿತ್ತು. ಅದನ್ನು ಗುಡಿಸಿ, ತೊಳೆದು, ಸಾಂಬ್ರಾಣಿ ಹೊಗೆ ಹಾಕಿ, ಒಂದು ಚಾಪೆ, ಒಂದು ಹೂಜಿ, ಬಟ್ಟೆಯ ಗಂಟು ಸಾಗಿಸಿದಳು. ಕೊನೆಗೆ ಹೊನ್ನಿಯನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡು ಹೊರಟಳು. ಬಾಗಿಲಲ್ಲಿ ಏಕಾಂತಯ್ಯ ಎದುರಾದರು.

ಏಕಾಂತಯ್ಯ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಬೀಳ್ಕೊಡುವಾಗ ಕಚೇರಿಯವರು ಹೊದಿಸಿದ್ದ ಕಂದು ಬಣ್ಣದ ಉಣ್ಣೆಯ ಶಾಲು ಅವರ ಆಸ್ತಿ. ಅದನ್ನು ಹೊದ್ದು ದಿನಾ ಸಂಜೆ ಎದುರುಮನೆಗೆ, ಸತ್ಯಭಾಮಾಳ ಗಂಡನ ರೇಡಿಯೋದಲ್ಲಿ ವಾರ್ತೆ ಕೇಳಲು ಹೋಗುತ್ತಿದ್ದರು. ವಾರ್ತೆ ತಪ್ಪಿದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ.

"ಎಲ್ಲಿಗೆ ಸವಾರಿ?"

"ಶೆಡ್ಡಿಗೆ. ಬೀದೀಲಿ ಕಾಯಿಲೆ ಇಳಿಯೋವರೆಗೂ ಹೊನ್ನಿ ಅಲ್ಲೇ. ನಾನೂ ಅಲ್ಲೇ. ಅಡುಗೆ ಮಾಡಿಟ್ಟು ಹೋಗ್ತೀನಿ, ಬಡಿಸ್ಕೊಂಡು ತಿನ್ನಿ."

"ಭೇಷ್! ಬೆಕ್ಕಿಗೆ ಪ್ಲೇಗಿನ ಶೆಡ್ಡು! ಇನ್ನು ನಾಳೆ ಹಲ್ಲಿಗೆ ಒಂದು ಛತ್ರ ಕಟ್ಟಿಸೋಣ."

"ನೀವೂ ಆ ಎದುರುಮನೆಗೆ ಹೋಗೋದು ನಿಲ್ಲಿಸಬೇಕು, ರೀ. ಅಲ್ಲೇ ಬೆಕ್ಕು ಸತ್ತಿರೋದು."

"ನನಗೇನು ಬಾಲ ಇದೆಯೇ, ಅಂಟ್ಕೊಳ್ಳೋಕೆ?" ಎಂದು ಏಕಾಂತಯ್ಯ ಮೂಗು ಮುರಿದರು. "ಒಂದು ಬೆಕ್ಕಿನ ಸಲುವಾಗಿ ದೇಶದ ವಾರ್ತೆ ಬಿಡೋ ಜನ ನಾನಲ್ಲ."

"ಹಾಗಾದ್ರೆ ಆ ಒಗೆಯೋ ಕಲ್ಲಿನಿಂದ ಈಚೆಗೆ ಕಾಲಿಡಬೇಡಿ" ಎಂದು ಹೇಳಿ ಬಸವಲಿಂಗಮ್ಮ ನಡೆದೇಬಿಟ್ಟಳು.

ಒಗೆಯುವ ಕಲ್ಲೇ ಗಡಿ. ಕಲ್ಲಿನ ಮೇಲೆ ಬ್ಲೀಚಿಂಗ್ ಪೌಡರ್ ಕದಡಿದ ಬಕೀಟು. ಅಲ್ಲಿ ಕೈಕಾಲು ತೊಳೆಯದೆ, ಸೀರೆ ಬದಲಾಯಿಸದೆ ಬಸವಲಿಂಗಮ್ಮ ಸಹ ಶೆಡ್ಡಿನೊಳಗೆ ಹೋಗುತ್ತಿರಲಿಲ್ಲ. ಹಾಲಿನ ಮುನಿಲಕ್ಷ್ಮಮ್ಮ ಕಲ್ಲಿನ ಆಚೆಯಿಂದ ಹಾಲು ಕೊಟ್ಟು, ಹಾಗೇ ನಿಂತು ಅರ್ಧ ಗಂಟೆ ಮಾತಾಡಿ ಹೋಗುವಳು. ಕೆಲವು ದಿನ ಎಲೆಯಲ್ಲಿ ಏನೋ ಕಟ್ಟಿ ತಂದು, "ಬಸ್ರಿ ಜೀವ, ನೀವು ಅತ್ಲಾಗೆ ತಿರುಗ್ಕಳಿ" ಎನ್ನುವಳು. ಬಸವಲಿಂಗಮ್ಮ ಅತ್ತ ತಿರುಗಿ ಶಿವ ಶಿವಾ ಎನ್ನುತ್ತ ನಿಲ್ಲುವಳು. ಇತ್ತ ತಿರುಗುವಷ್ಟರಲ್ಲಿ ಎಲೆ ಖಾಲಿ, ಹೊನ್ನಿ ಮೀಸೆ ಸವರಿಕೊಳ್ಳುತ್ತಿರುತ್ತಿತ್ತು.

ಆ ವಾರದಲ್ಲೇ ಒಂದು ಮಧ್ಯಾಹ್ನ ಹೊತ್ತಲ್ಲದ ಹೊತ್ತಿನಲ್ಲಿ ಬಚ್ಚಲ ಹಂಡೆಯ ಕೆಳಗೆ ಉರಿ ಧಗಧಗ ಎನ್ನುತ್ತಿತ್ತು. ಬಸವಲಿಂಗಮ್ಮ ಕಲ್ಲಿನ ಹತ್ತಿರದಿಂದಲೇ ಕೂಗಿ ಕೇಳಿದಳು. "ಮಂಡಿ ನೋವು, ಬಿಸಿನೀರು ಬೇಕಿತ್ತು" ಎಂದರು ಏಕಾಂತಯ್ಯ. ಮಂಡಿ ನೋವು ಯಾವಾಗ ಶುರುವಾಯಿತೆಂದು ಕೇಳುವಷ್ಟು ಆಕೆಗೆ ಪುರುಸೊತ್ತಿರಲಿಲ್ಲ. ಆದರೆ ಸಂಜೆಯಾಯಿತೆಂದರೆ ಅವರು ಚಪ್ಪಲಿ ಮೆಟ್ಟಿ ಗೇಟು ದಾಟುವುದು ಮಾತ್ರ ಶೆಡ್ಡಿನ ಕಿಂಡಿಯಿಂದ ಕಾಣುತ್ತಿತ್ತು. ಹೊರಟರು ನೋಡು ವಾರ್ತೆಗೆ! ಮೈಮೇಲೆ ಶಾಲೂ ಇಲ್ಲ, ಈ ಚಳಿಯಲ್ಲಿ. ಆ ಹಾಳು ರೇಡಿಯೋ ಇವರಿಗೆ ಹೆಂಡತಿಗಿಂತ ಹೆಚ್ಚಾಯಿತೇ ಎಂದು ಆಕೆಯ ಹೊಟ್ಟೆ ಉರಿಯುತ್ತಿತ್ತು.

ಶಿವರಾತ್ರಿಗೆ ಇನ್ನೂ ಒಂದಷ್ಟು ದಿನ ಇದೆ ಎನ್ನುವಾಗ ಒಂದು ಬೆಳಿಗ್ಗೆ ಹೊನ್ನಿ ಬಸವಲಿಂಗಮ್ಮನ ಹಳೆಯ ಇಳಕಲ್ ಸೀರೆಯ ಮೇಲೆ ನಾಲ್ಕು ಮರಿ ಹಾಕಿತು. ಎರಡು ತಾಯಿಯಂತೆ ಹೊಂಬಣ್ಣ, ಒಂದು ಬೂದಿ, ಮತ್ತೊಂದು ಬೆಳ್ಳಗೆ, ಬೆನ್ನ ಮೇಲೆ ಕರಿ ಮಚ್ಚೆ. ಆ ಬಿಳಿಯದನ್ನು ಕಂಡು ಬಸವಲಿಂಗಮ್ಮ ಮಚ್ಚೆಯ ಮೇಲೆ ಬೆರಳಾಡಿಸಿದಳು. ಸೋಮಿಯದೂ ಅದೇ ಬಣ್ಣ. ಆಮೇಲೆ ಕಣ್ಣೊರೆಸಿಕೊಂಡು ಬಾಣಂತಿಗೆ ಬೆಚ್ಚಗೆ ಹಾಲು ಕಾಯಿಸಿದಳು.

ಬೀದಿಯ ಹೆಂಗಸರು ಮರಿ ನೋಡಲು ಬಂದರು. ಎಲ್ಲರಿಗೂ ಒಗೆಯುವ ಕಲ್ಲೇ ಕಡೆ. "ದೂರದಿಂದಲೇ ನೋಡಿ, ದೃಷ್ಟಿಯೂ ಆಗೋಲ್ಲ" ಎಂದು ಬಸವಲಿಂಗಮ್ಮ ಬಾಗಿಲು ಒಂದಿಷ್ಟೇ ತೆಗೆದು ತೋರಿಸುವಳು. ಕೆಲವರು ಮುಖ ಊದಿಸಿಕೊಂಡು ಹೋದರು. ಆಕೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಶಿವರಾತ್ರಿ ಕಳೆಯಿತು. ಮರಿಗಳು ಕಣ್ಣು ಬಿಟ್ಟು, ಹೊಟ್ಟೆ ತುಂಬಿಸಿಕೊಂಡು, ಒಂದರ ಮೇಲೊಂದು ಬೀಳತೊಡಗಿದವು. ಶಾಂತವೀರಪ್ಪ ಆಸ್ಪತ್ರೆಯ ಬಟ್ಟೆ ಬದಲಿಸಿ ಬಂದು, ಕಲ್ಲಿನ ಆಚೆ ನಿಂತು ನೋಡಿ, "ಬೀದೀಲಿ ಹೊಸದಾಗಿ ಯಾವ ಬೆಕ್ಕೂ ಬಿದ್ದಿಲ್ಲ. ಹೊನ್ನಿಗೆ ಬರೋದಾಗಿದ್ರೆ ಇಷ್ಟರಲ್ಲಿ ಬರ್ತಿತ್ತು. ಇನ್ನೊಂದು ಸ್ವಲ್ಪ ದಿನ ಹೀಗೇ ಇಟ್ಕೊಂಡ್ರೆ ಗೆದ್ರಿ ದೊಡ್ಡಮ್ಮ" ಎಂದ. ಬಸವಲಿಂಗಮ್ಮ ಆಗಲೇ ಗೆದ್ದವಳಂತೆ ಓಡಾಡಿದಳು.

ಮಾರನೆಯ ದಿನವೇ ಹೊನ್ನಿ ಹೊಸ ರಾಗ ತೆಗೆಯಿತು. ಬಿಳಿ ಮರಿಯ ಕತ್ತು ಕಚ್ಚಿಕೊಂಡು ಹೋಗಿ ಬಾಗಿಲ ಮುಂದೆ ಕೂತಿತು. ಮರಿಯನ್ನು ಕೆಳಗಿಟ್ಟು ಕೂಗಿತು, ಬಾಗಿಲು ಕೆರೆಯಿತು, ಮತ್ತೆ ಮರಿಯನ್ನು ಕಚ್ಚಿಕೊಂಡು ಶೆಡ್ಡಿನ ಸುತ್ತ ಸುತ್ತಿತು. ಹಾಲು ಮುಟ್ಟಲಿಲ್ಲ. ಮರಿಗಳಿಗೆ ಮೊಲೆ ಕೊಡಲೂ ಕೂರಲಿಲ್ಲ. ಕಾಯಿಲೆಯೇ ಬಂತೇನೋ ಎಂದು ಬಸವಲಿಂಗಮ್ಮ ಅದರ ಮೂಗು, ಹೊಟ್ಟೆ ಮುಟ್ಟಿ ಮುಟ್ಟಿ ನೋಡಿದಳು. ಮುನಿಲಕ್ಷ್ಮಮ್ಮ ಕಲ್ಲಿನ ಆಚೆ ನಿಂತು ನೋಡಿ ನಕ್ಕಳು.

"ಕಾಯ್ಲೆ ಅಲ್ಲ ಕಣಮ್ಮಾ. ಏಳು ಮನೆ ತೋರಿಸ್ಬೇಕಲ್ಲ ಮರೀಗೆ! ಬೆಕ್ಕು ಅಂದ್ಮ್ಯಾಕೆ ಮರಿ ಕಚ್ಕಂಡು ಏಳು ಮನೆ ಸುತ್ದೆ ಬಿಟ್ಟಾತಾ? ನೀವು ಕೂಡಾಕಿದ್ರೆ ರೇಗಿ ಮರೀನೇ ಬಿಟ್ಬುಡ್ತದೆ, ನೋಡ್ಕಳಿ."

ಬಸವಲಿಂಗಮ್ಮನಿಗೂ ಗೊತ್ತಿದ್ದ ಮಾತೇ. ಏಳು ಮನೆ ಸುತ್ತಿಸದ ಬೆಕ್ಕನ್ನು ಆಕೆ ಕಂಡೇ ಇರಲಿಲ್ಲ. ಆದರೆ ಈ ಬೀದಿಯಲ್ಲಿ ಏಳು ಮನೆ ಎಂದರೆ ಮೊದಲನೆಯದೇ ಸತ್ಯಭಾಮಾಳದು, ಎರಡನೆಯದು ದರ್ಜಿಯವರದು, ಮೂರನೆಯದು ಮೂಲೆಯದು! ಬಾಗಿಲು ತೆಗೆದರೆ ಮರಿಗಳನ್ನು ತಾನೇ ಯಮನ ಮನೆಗೆ ಕಳಿಸಿದಂತೆ. ತೆಗೆಯದಿದ್ದರೆ ಹೊನ್ನಿ ಹಾಲು ಕೊಡುತ್ತಿಲ್ಲ. ಬಸವಲಿಂಗಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು. ಕೂತಲ್ಲಿಂದ ಧಿಗ್ಗನೆ ಎದ್ದಳು.

"ಏಳು ಮನೆ ತಾನೇ? ಇಲ್ಲೇ ಕಟ್ಟಿಸಿಕೊಡ್ತೀನಿ!"

ಶೆಡ್ಡಿನ ಒಂದು ಮೂಲೆಯಲ್ಲಿ ಮಂಕರಿ, ಇನ್ನೊಂದರಲ್ಲಿ ಮದುವೆಯಲ್ಲಿ ತಂದಿದ್ದ ತಗಡಿನ ಟ್ರಂಕು, ಅಟ್ಟದ ಮೇಲಿದ್ದ ಹಾರ್ಮೋನಿಯಂ ಪೆಟ್ಟಿಗೆ, ಅಡ್ಡ ಮಲಗಿಸಿದ, ಭತ್ತ ತುಂಬುವ ಮಣ್ಣಿನ ವಾಡೆ. ದರ್ಜಿಯವರ ಮನೆಯ ಸುದ್ದಿಗೆ ಹೋಗದೆ, ಪಕ್ಕದ ಬೀದಿಯ ಬೆಕ್ಕೇ ಇಲ್ಲದ ಮನೆಯಿಂದ ಒಂದು ದೇವದಾರು ಪೆಟ್ಟಿಗೆ. ಮುನಿಲಕ್ಷ್ಮಮ್ಮ ಹುರುಪಿನಿಂದ ತಲೆಯ ಮೇಲೆ ಹೊತ್ತು ತಂದದ್ದು ಕೋಳಿ ಮುಚ್ಚುವ ಬುಟ್ಟಿ. ಅದನ್ನು ಕಂಡು ಬಸವಲಿಂಗಮ್ಮ ಕೊರಳಿನ ಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡಳು. ಆದರೆ ಬಾಣಂತಿಯ ವಿಷಯದಲ್ಲಿ ಬೇಡ ಎನ್ನುವುದು ಹೇಗೆ? ಎಲ್ಲವನ್ನೂ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ಒಳಗೆ ಮೆತ್ತನೆಯ ಬಟ್ಟೆ ಹಾಸಿ ಇಟ್ಟಳು.

ಹೊನ್ನಿ ಒಂದೊಂದನ್ನೂ ಮೂಸಿ ನೋಡಿತು, ಬಾಡಿಗೆಗೆ ಮನೆ ನೋಡಲು ಬಂದವರಂತೆ. ಸಂಜೆಯ ಹೊತ್ತಿಗೆ ನಾಲ್ಕೂ ಮರಿಗಳು ಮಂಕರಿ ಸೇರಿದ್ದವು. ಎರಡು ದಿನ ಬಿಟ್ಟು ಟ್ರಂಕಿಗೆ ಗೃಹಪ್ರವೇಶ. ಹಾಲು ಕುಡಿಯಿತು, ಮರಿಗಳಿಗೆ ಕೊಟ್ಟಿತು. ಬಸವಲಿಂಗಮ್ಮ ಪ್ರತಿ ಮನೆಗೂ ಹಾಲು ಉಕ್ಕಿಸಿ ಒಂದು ಚಮಚ ಇಡುತ್ತಿದ್ದಳು. ಹಾರ್ಮೋನಿಯಂ ಪೆಟ್ಟಿಗೆ, ವಾಡೆ, ದೇವದಾರು ಪೆಟ್ಟಿಗೆ ಎಲ್ಲ ಮುಗಿದು ಸವಾರಿ ಕೋಳಿ ಬುಟ್ಟಿಗೆ ಬಂತು. ಅಲ್ಲಿಗೆ ಆರು. ಏಳನೆಯದಕ್ಕೆ ಏನಿಡುವುದು ಎಂದು ಆಕೆ ಯೋಚಿಸುತ್ತಿರುವಾಗಲೇ ಕಲ್ಲಿನ ಆಚೆಯಿಂದ ಸತ್ಯಭಾಮಾಳ ದನಿ ಕೇಳಿಸಿತು.

"ಬಸವಲಿಂಗಮ್ಮನೋರೇ, ಇದೊಂದು ತಗೊಳ್ಳಿ. ಕಡೇ ಮನೆ ನಮ್ಮದಾಗಲಿ."

ಅವಳ ಕೈಯಲ್ಲಿ ಬೆತ್ತದ ಬುಟ್ಟಿ, ಹಿಡಿಕೆಗೆ ಕೆಂಪು ರಿಬ್ಬನ್ನು. ಅಷ್ಟು ಚಂದದ ಬುಟ್ಟಿ ಆ ಬೀದಿಯಲ್ಲೇ ಇರಲಿಲ್ಲ. ಬೆಕ್ಕು ಸತ್ತಾಗಿನಿಂದ ಮುಖ ಬಾಡಿಸಿಕೊಂಡಿದ್ದ ಹುಡುಗಿ ಇಷ್ಟು ದಿನಕ್ಕೆ ನಗುತ್ತಿದ್ದಾಳೆ. ಬಸವಲಿಂಗಮ್ಮನಿಗೆ ಬೇಡ ಎನ್ನಲು ಮನಸ್ಸಾಗಲಿಲ್ಲ. ಕೈ ಚಾಚಿ ಬುಟ್ಟಿ ತೆಗೆದುಕೊಂಡು ಶೆಡ್ಡಿನ ಕಡೆ ಹೊರಟಳು. ಈ ಸಡಗರದಲ್ಲಿ, ಅಷ್ಟು ದಿನ ಎಲ್ಲವನ್ನೂ ತಿಕ್ಕಿ ತೊಳೆದವಳಿಗೆ ಇದೊಂದನ್ನು ತೊಳೆಯಬೇಕೆಂದೇ ಹೊಳೆಯಲಿಲ್ಲ. ಬಾಗಿಲಿನ ಚಿಲಕ ತೆಗೆದಿದ್ದಳು, ಒಂದು ಕಾಲು ಹೊಸಿಲ ಮೇಲಿತ್ತು, ಹಿಂದಿನಿಂದ ಸತ್ಯಭಾಮಾ ಮಾತು ಮುಂದುವರಿಸುತ್ತಿದ್ದಳು.

"ಯಜಮಾನರಿಗೆ ನಮ್ಮ ಮೇಲೆ ಕೋಪಾನಾ? ವಾರ್ತೆಗೆ ಬಂದು ಎಷ್ಟು ದಿನ ಆಯ್ತು! ನಮ್ಮ ರಾಣಿ ಇದ್ದಾಗ ಅವರ ಪಕ್ಕದಲ್ಲೇ ಮಲಗ್ತಿತ್ತು. ಕಡೇ ದಿನ ಪಾಪ ಎದ್ದು ಬರಕ್ಕಾಗದೆ ಈ ಬುಟ್ಟೀಲೇ..."

ಬಸವಲಿಂಗಮ್ಮ ಕೆಂಡ ತುಳಿದವಳಂತೆ ಹೊಸಿಲಿನಿಂದ ಕಾಲು ಕಿತ್ತಳು. ಬುಟ್ಟಿಯನ್ನು ಮೈಯಿಂದ ದೂರ ಹಿಡಿದು ಬಚ್ಚಲಮನೆಯ ಕಡೆ ಓಡಿದಳು. ಅಯ್ಯೋ ಶಿವನೇ, ಇನ್ನೊಂದು ಹೆಜ್ಜೆ ಒಳಗಿಟ್ಟಿದ್ದರೆ! ಸತ್ಯಭಾಮಾ ಏನಾಯಿತೆಂದು ತಿಳಿಯದೆ ಹಿಂದೆಯೇ ಓಡಿಬಂದಳು. ಡಾಕ್ಟರು ಹೇಳಿದ ಮಾತನ್ನು ಕೇಳಿ ಅವಳ ಮುಖ ಬಿಳಿಚಿಕೊಂಡಿತು.

"ನನಗೆ ಗೊತ್ತಿರಲಿಲ್ಲ, ಬಸವಲಿಂಗಮ್ಮನೋರೇ. ನಿಮ್ಮಾಣೆ ಗೊತ್ತಿರಲಿಲ್ಲ."

"ನಿನಗೆ ಹೇಗೆ ಗೊತ್ತಾಗಬೇಕು ತಾಯಿ? ಗೊತ್ತಿದ್ದ ನಾನೇ ಮರೆತೆನಲ್ಲ!"

ಸತ್ಯಭಾಮಾ ರಿಬ್ಬನ್ನನ್ನು ಒಮ್ಮೆ ಸವರಿ, ತಾನೇ ಬುಟ್ಟಿಯನ್ನು ಹಂಡೆಯ ಒಲೆಗೆ ಇಟ್ಟಳು. ಬೆತ್ತ ಚಟಪಟ ಉರಿಯಿತು. ಇಬ್ಬರೂ ಮೂಗು ಸೇದುತ್ತ ನಿಂತಿದ್ದರು. ಆಗ ಬಸವಲಿಂಗಮ್ಮನಿಗೆ ಎರಡು ವಿಷಯ ಒಟ್ಟಿಗೆ ನೆನಪಾದವು. ಒಂದು, ಗಂಡ ವಾರ್ತೆಗೆ ಹೋಗುತ್ತಿಲ್ಲವಂತೆ; ಹಾಗಾದರೆ ದಿನಾ ಸಂಜೆ ಹೋಗುವುದು ಎಲ್ಲಿಗೆ? ಎರಡು, ಶೆಡ್ಡಿನ ಬಾಗಿಲಿಗೆ ಚಿಲಕ ಹಾಕಿಲ್ಲ!

ಓಡಿದಳು. ಬಾಗಿಲು ಹಾರು ಹೊಡೆದಿತ್ತು. ಕೋಳಿ ಬುಟ್ಟಿಯಲ್ಲಿ ಮೂರು ಮರಿ. ಹೊನ್ನಿ ಇಲ್ಲ, ಬಿಳಿಯದೂ ಇಲ್ಲ.

"ಹೊನ್ನೀ! ಹೊನ್ನೀ!" ಎಂದು ಬಸವಲಿಂಗಮ್ಮ ಗೇಟಿಗೆ ಓಡಿದಳು. ಬೀದಿ ಬಿಕೋ ಎನ್ನುತ್ತಿತ್ತು. ದರ್ಜಿಯವರ ಮನೆಯ ಜಗುಲಿ ನೋಡಿದಳು, ಮೂಲೆ ಮನೆಯ ಕಾಂಪೌಂಡು ನೋಡಿದಳು. ಗುಬ್ಬಿಯ ಗಾಡಿಯ ಗೂಟ ಹಿಡಿದು ಅತ್ತ ಹುಡುಗಿಯ ಅಳು ಅಷ್ಟು ವರ್ಷ ದಾಟಿ ಬಂದು ಆಕೆಯ ಕೂಗಿನಲ್ಲಿ ಸೇರಿಕೊಂಡಿತು. ಅಷ್ಟರಲ್ಲಿ ಮನೆಯೊಳಗಿನಿಂದ ಏಕಾಂತಯ್ಯನವರ ದನಿ ಬಂತು.

"ಲೇ, ಇವಳೇ! ಬಾ ಇಲ್ಲಿ, ನಿನ್ನ ಪರಿವಾರ ನೋಡು!"

ಅವರು ಓದುವ ಕೋಣೆಯ ಬಾಗಿಲಲ್ಲಿ ಬಸವಲಿಂಗಮ್ಮ ಏದುಸಿರು ಬಿಡುತ್ತ ನಿಂತಳು. ಕಿಟಕಿಯ ಪಕ್ಕದ ಆರಾಮಕುರ್ಚಿಯ ಮೇಲೆ ಹೊನ್ನಿ ಕೂತು ಬಿಳಿ ಮರಿಯನ್ನು ನೆಕ್ಕುತ್ತಿತ್ತು. ಪಕ್ಕದಲ್ಲಿ ಏಕಾಂತಯ್ಯ ಪೇಪರು ಹಿಡಿದು ನಿಂತಿದ್ದರು, ಕುರ್ಚಿ ಕಳೆದುಕೊಂಡವರ ಮುಖ ಮಾಡಿಕೊಂಡು.

"ಮುಟ್ಬೇಡಿ!" ಎಂದು ಚೀರಿ ಬಸವಲಿಂಗಮ್ಮ ಮುಂದೆ ನುಗ್ಗಿದಳು.

"ನಿಲ್ಲು ಅಲ್ಲೇ!" ಏಕಾಂತಯ್ಯ ಪೇಪರನ್ನು ಅಡ್ಡ ಹಿಡಿದರು. "ಮುಟ್ಟಬಾರದವಳು ನೀನು. ಆ ಬುಟ್ಟಿ ಹಿಡ್ಕೊಂಡು ಓಡಿದ್ದು ಕಿಟಕೀಲಿ ನೋಡಿದೆ. ಮೊದಲು ಕೈಕಾಲು ತೊಳ್ಕೊಂಡು, ಸೀರೆ ಬದಲಾಯಿಸಿ ಬಾ. ಒಗೆಯೋ ಕಲ್ಲಿನ ಹತ್ರ ಬಕೀಟಿದೆ, ಗೊತ್ತಲ್ಲ?"

ಬಸವಲಿಂಗಮ್ಮ ಬಾಗಿಲಿಗೇ ಹಿಂದೆ ಸರಿದಳು. ಎರಡೂ ಕೈಗಳನ್ನು ಮೈಗೆ ತಾಗಿಸದೆ ಎತ್ತಿಕೊಂಡು ಅಲ್ಲೇ ನಿಂತಳು.

"ಮತ್ತೆ ನೀವು? ನಿಮ್ಮ ಕೈ?"

"ಮೂಸಿ ನೋಡು ಬೇಕಾದ್ರೆ" ಎಂದು ದೂರದಿಂದಲೇ ಅಂಗೈ ಚಾಚಿದರು. ಬ್ಲೀಚಿಂಗ್ ಪೌಡರಿನ ಘಾಟು ಬಾಗಿಲವರೆಗೂ ಬಂತು. "ಊಟಕ್ಕೆ ಕೂತರೂ ಇದೇ ವಾಸನೆ. ಸಾರಿಗೆ ಏನು ಹಾಕಿದೀಯ ಅಂತಾನೇ ಗೊತ್ತಾಗ್ತಾ ಇಲ್ಲ."

"ಎದುರುಮನೆಗೂ ಹೋಗ್ತಿಲ್ವಂತೆ. ದಿನಾ ಸಂಜೆ ಎಲ್ಲಿಗೆ ಹೋಗ್ತಿದ್ರಿ?"

"ಜರಗನಹಳ್ಳಿ ಅರಳಿಕಟ್ಟೆಗೆ. ಕೂತ್ಕೊಂಡು ಎದ್ದು ಬರ್ತಿದ್ದೆ. ಬೆಕ್ಕಿಗೆ ಹೆದರಿ ವಾರ್ತೆ ಬಿಟ್ಟ ಅಂತ ನಿನ್ನ ಬಾಯಿಗೆ ಯಾರು ಬೀಳ್ತಾರೆ?"

ಆಗ ಬಸವಲಿಂಗಮ್ಮನ ಕಣ್ಣು ಹೊನ್ನಿಯ ಕೆಳಗಿದ್ದ ಬಟ್ಟೆಯ ಮೇಲೆ ಬಿತ್ತು. ಕಂದು ಬಣ್ಣ, ಅಂಚಿನಲ್ಲಿ ಹಸಿರು ಬಳ್ಳಿ. ಬೀಳ್ಕೊಡುಗೆಯ ಶಾಲು! ಆದರೆ ಅದು ಶಾಲಿನಂತೆ ಇರಲೇ ಇಲ್ಲ. ಮುದುರಿ, ಗಟ್ಟಿಯಾಗಿ, ಕೂಸಿಗೆ ಹೊದಿಸುವಷ್ಟು ಚಿಕ್ಕದಾಗಿತ್ತು.

"ಇದೇನ್ರೀ ಇದು? ಶಾಲು ಏನಾಯ್ತು?"

"ಕುದಿಸಿದೆ" ಎಂದರು ಏಕಾಂತಯ್ಯ, ಕಿಟಕಿಯ ಕಡೆ ಮುಖ ತಿರುಗಿಸಿ. "ಆ ರಾಣಿ ಅದರ ಸೆರಗಿನ ಮೇಲೇ ಮಲಗ್ತಿತ್ತು. ನಾನೇನೂ ಕರೀತಿರಲಿಲ್ಲ, ಅದೇ ಬರೋದು. ಶಾಂತವೀರ ಕುದಿಸಬೇಕು ಅಂದಿದ್ದ ಅಂತ ನೀನೇ ಮುನಿಲಕ್ಷ್ಮಮ್ಮನ ಹತ್ರ ದಿನಾ ಹೇಳ್ತಿದ್ದೆಯಲ್ಲ? ಹಂಡೇಲಿ ಹಾಕಿ ಚೆನ್ನಾಗಿ ಕುದಿಸಿದೆ. ಉಣ್ಣೆ ಅನ್ನೋದು ಹೀಗೆ ಕುಗ್ಗುತ್ತೆ ಅಂತ ನನಗೆ ಯಾರು ಹೇಳಿದ್ರು?"

ಬಸವಲಿಂಗಮ್ಮನಿಗೆ ನಗು ಬಂತೋ ಅಳು ಬಂತೋ ಆಕೆಗೇ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು. ಎತ್ತಿದ ಕೈ ಎತ್ತಿದ ಹಾಗೇ ಇತ್ತು, ಕಣ್ಣೊರೆಸಿಕೊಳ್ಳುವಂತೆಯೂ ಇರಲಿಲ್ಲ. ಕಲ್ಲಿನ ಹತ್ತಿರ ಹೋಗಿ ಉಜ್ಜಿ ಉಜ್ಜಿ ತೊಳೆದುಕೊಂಡು, ಬೇರೆ ಸೀರೆ ಉಟ್ಟು ವಾಪಸ್ಸು ಬರುವಷ್ಟರಲ್ಲಿ ಹೊನ್ನಿ ಹಿತ್ತಲಿಗೂ ಕೋಣೆಗೂ ಓಡಾಡಿ ಉಳಿದ ಮೂರನ್ನೂ ತಂದುಹಾಕಿತ್ತು. ಏಕಾಂತಯ್ಯ ಅದಕ್ಕೆ ಬಾಗಿಲು ಹಿಡಿದು ನಿಂತಿದ್ದರಂತೆ. ನಾಲ್ಕೂ ಮರಿಗಳು ಶಾಲಿನ ಮೇಲೆ ಹಾಲು ಕುಡಿಯುತ್ತಿದ್ದವು.

"ಶೆಡ್ಡಿಗೆ ಎತ್ಕೊಂಡು ಹೋಗ್ಲಾ?" ಎಂದು ಬಸವಲಿಂಗಮ್ಮ ಮೆಲ್ಲಗೆ ಕೇಳಿದಳು.

"ಏಳನೇ ಮನೆ ಇದು. ಎಬ್ಬಿಸಬೇಡ. ಬೇಕಾದ್ರೆ ಆ ಬಕೀಟು ತಂದು ಈ ಬಾಗಿಲ ಹತ್ರ ಇಡು" ಎಂದು ಏಕಾಂತಯ್ಯ ಅಡುಗೆಮನೆಯಿಂದ ಮಣೆ ತಂದು, ಗೋಡೆಗೆ ಒರಗಿ ಕೂತು ಪೇಪರು ಬಿಡಿಸಿದರು. ಮಂಡಿ ನೋವಿನ ಸುಳಿವೇ ಇರಲಿಲ್ಲ. ಒಂದು ಹಾಳೆ ಓದಿ ಮಗುಚಿದರು. ಆಮೇಲೆ ಪೇಪರಿನ ಹಿಂದಿನಿಂದ ದನಿ ಬಂತು.

"ಆ ಬಿಳೀದಕ್ಕೆ ಸೋಮಿ ಅಂತ ಹೆಸರಿಡು."

ಬಸವಲಿಂಗಮ್ಮ ಅವರ ಪಕ್ಕದಲ್ಲೇ ನೆಲದ ಮೇಲೆ ಕೂತುಕೊಂಡಳು.